ನಿಲ್ಲಿಸುವ ಮನೆತನದ ಬ್ರೇಕಕ್ಕ

ಬ್ರೇಕಕ್ಕನ ಮುತ್ತಜ್ಜ ಬಂಡಿ ಮಾಡುವ ಬಡಗಿ. ಅವನ ಕಾಲದಲ್ಲಿ ಗುಡ್ಡದ ಮೇಲಿಂದ ಕಲ್ಲು ಹೇರಿಕೊಂಡು ಇಳಿಯುವ ಬಂಡಿಗಳು ಕಟ್ಟಿದ ಎತ್ತುಗಳನ್ನೇ ನೂಕಿಕೊಂಡು ಬರುತ್ತಿದ್ದವು. ಗಾಲಿಯ ಹಿಂದೆ ಅಡ್ಡಕ್ಕೆ ಒಂದು ಮರದ ತುಂಡು ತೂಗುಹಾಕಿ, ಹಗ್ಗ ಜಗ್ಗಿದರೆ ಅದು ಗಾಲಿಯನ್ನು ಒತ್ತಿ ಹಿಡಿಯುವಂತೆ ಮಾಡಿಕೊಟ್ಟವನು ಅವನು. ಎತ್ತುಗಳಿಗೆ ಮಾತು ಬಂದಿದ್ದರೆ ಮೊದಲು ಅವನ ಹೆಸರು ಹೇಳುತ್ತಿದ್ದವು ಎಂದು ಹಳಬರು ಆಡಿಕೊಳ್ಳುತ್ತಿದ್ದರು. ಅಜ್ಜ ಬಸ್ಸಿನ ಡ್ರೈವರ್. ನಲವತ್ತು ಜನರನ್ನು ಹೊತ್ತ ಬಸ್ಸಿಗೆ ಇಳಿಜಾರಿನ ನಡುವೆ ಬ್ರೇಕು ಕೈಕೊಟ್ಟಾಗ, ಒಂದೊಂದೇ ಗೇರು ಇಳಿಸುತ್ತಾ ಬಂದು, ಬಸ್ಸಿನ ಪಕ್ಕೆಯನ್ನು ಮಣ್ಣಿನ ದಿಬ್ಬಕ್ಕೆ ಉಜ್ಜಿಸಿ ನಿಲ್ಲಿಸಿದ. ಹಿಂದಿನ ಸೀಟಿನ ಹೆಂಗಸಿನ ಬುಟ್ಟಿಯಲ್ಲಿ ಎರಡು ಮೊಟ್ಟೆ ಒಡೆದಿದ್ದವು, ಅಷ್ಟೇ ನಷ್ಟ. ಇವತ್ತಿಗೂ ಆ ಮನೆಯವರು ಕಥೆಯಲ್ಲಿ ಬಸ್ಸಿನ ಬಣ್ಣ ಬದಲಾಯಿಸಿಯಾರು, ಮೊಟ್ಟೆಯ ಲೆಕ್ಕ ತಪ್ಪಿಸುವುದಿಲ್ಲ.

ಅಪ್ಪ ಲಾರಿಗಳ ಬ್ರೇಕು ಕಟ್ಟುವ ಮೇಸ್ತ್ರಿ. ಅವನ ಕೈಯಿಂದ ಹೊರಗೆ ಹೋದ ಲಾರಿ ಇನ್ನೊಂದಕ್ಕೆ ಗುದ್ದಿದ್ದು ಯಾರೂ ಕೇಳಿಲ್ಲ. ಸ್ವಂತ ಸೈಕಲ್ಲಿನ ಗಾಲಿಗೂ ಕಲ್ಲು ಇಟ್ಟೇ ಟೀ ಕುಡಿಯಲು ಹೋಗುತ್ತಿದ್ದ ಮನುಷ್ಯ. ಅವನ ಅಂಗಳದಲ್ಲಿ ಒಂದೇ ಕಾನೂನು. ಗಾಡಿ ನಿಂತ ಕೂಡಲೇ ಮೊದಲು ಹ್ಯಾಂಡ್ ಬ್ರೇಕ್ ಎಳೆಯಬೇಕು, ಆಮೇಲೆ ಕೀಲಿ ತಿರುಗಿಸಬೇಕು. ಹಿಂದುಮುಂದು ಮಾಡಿದವರ ಬೆನ್ನಿಗೆ ಎಣ್ಣೆ ಬಟ್ಟೆ ಬೀಳುತ್ತಿತ್ತು, ಅವರು ಕೆಲಸಗಾರರಾದರೂ ಸರಿ, ಲಾರಿಯ ಮಾಲೀಕರಾದರೂ ಸರಿ. ಆ ಬಟ್ಟೆ ಅತಿ ಹೆಚ್ಚು ಬಿದ್ದದ್ದು ಅವನ ಒಬ್ಬಳೇ ಮಗಳ ಬೆನ್ನಿಗೆ. ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಅವಳ ಕೈ ತಲೆಯನ್ನು ಕೇಳದೆಯೇ ಆ ಕೆಲಸ ಮಾಡಲು ಕಲಿತಿತ್ತು.

ಹೀಗೆ ಲೋಕವೆಲ್ಲ ಓಡುವುದನ್ನು ಕಲಿಯುತ್ತಿದ್ದಾಗ, ನಿಲ್ಲುವುದನ್ನು ಕಲಿಸಿಕೊಂಡು ಬಂದ ಮನೆತನ ಅದು. ಅಂಥ ಮನೆಯ ಹೆಣ್ಣು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಓಡುವ ಕಾರಿನ ಹುಚ್ಚಿಗೆ ಬಿದ್ದಳು ಎಂದರೆ ಊರಿನವರು ನಗದೆ ಇನ್ನೇನು ಮಾಡಿಯಾರು.

ಅವಳ ಗ್ಯಾರೇಜಿಗೆ ಎರಡು ಶಟರು. ಒಂದು ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ಅದರ ಕೆಳಗೆ ಬಗ್ಗಿ ಬರುವವರು ಹಳೆಯ ಗಿರಾಕಿಗಳು, ತಲೆ ಹೊಡೆಸಿಕೊಳ್ಳುವವರು ಹೊಸಬರು. ನಡುವೆ ಇಳಿದು ಕೆಲಸ ಮಾಡುವ ಗುಂಡಿ, ಮೂವತ್ತು ವರ್ಷ ಕಾಲು ಸವರಿ ನುಣುಪಾದ ನಾಲ್ಕು ಮೆಟ್ಟಿಲು. ಗೋಡೆಯ ಮೇಲೆ ಪ್ರತಿ ಪಾನಾದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿದೆ, ಯಾವುದು ಜಾಗದಲ್ಲಿಲ್ಲ ಎಂದು ಕಣ್ಣಿಗೇ ಹೊಡೆಯುತ್ತದೆ. ಬಾಗಿಲ ಹತ್ತಿರ ಬೆತ್ತದ ಕುರ್ಚಿಯಲ್ಲಿ ಅವಳ ತಾಯಿ ಕೂರುತ್ತಾಳೆ. ಎಂಬತ್ತು ದಾಟಿದ ಆ ಮುದುಕಿಗೆ ಕಿವಿ ಮಂದ, ಆದರೆ ಬ್ರೇಕಿನ ಕಿರುಗುಟ್ಟುವಿಕೆ ಮಾತ್ರ ಎರಡು ಬೀದಿ ಆಚೆಯಿಂದಲೂ ಕೇಳುತ್ತದೆ. ಗಂಡ ಎದುರು ಸಾಲಿನಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಇವಳು ಊರಿಗೆಲ್ಲ ಅಕ್ಕ ಆದ್ದರಿಂದ ಅವರು ಊರಿಗೆಲ್ಲ ಭಾವ. ನಡೆಯುವಾಗಲೂ ಎರಡೂ ಕಡೆ ನೋಡಿ ನಡೆಯುವ ಜಾತಿ.

ಕಾರು ಬಂದದ್ದು ಒಬ್ಬ ಹಲ್ಲಿನ ಡಾಕ್ಟರಿಂದ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಎತ್ತರ, ನೀಲಿ ಬಣ್ಣ. ದೀಪ ಹಾಕಿದರೆ ಬಾನೆಟ್ಟಿನಿಂದ ಎರಡು ಕಣ್ಣು ಟಪಕ್ಕನೆ ಮೇಲೇಳುತ್ತಿದ್ದವು. ಡಾಕ್ಟರು ಅದರೊಳಗೆ ಕೂರಲು ಕಲಿತರು, ಏಳಲು ಕಲಿಯಲಿಲ್ಲ. ಸೊಂಟ ಹಿಡಿದುಕೊಂಡು ತಂದು ಇವಳಿಗೆ ಮಾರಿ ಹೋದರು. ತಾಯಿ ಒಂದು ನೋಟ ನೋಡಿ, "ಕಪ್ಪೆ ಇದ್ದ ಹಾಗಿದೆ ಕಣೇ" ಎಂದಳು. ಅಂದಿನಿಂದ ಅದರ ಹೆಸರು ಕಪ್ಪೆ.

ಊರಾಚೆ ಹಿಂದೆ ವಿಮಾನ ಇಳಿಯುತ್ತಿದ್ದ ಬಯಲನ್ನು ಯಾರೋ ಕೊಂಡು ಡೊಂಕು ದಾರಿಯ ಟ್ರ್ಯಾಕ್ ಮಾಡಿದ್ದರು. ತಿಂಗಳಿಗೊಂದು ದಿನ ಯಾರು ಬೇಕಾದರೂ ಸ್ವಂತ ಕಾರು ತಂದು, ಸರದಿಯ ಪ್ರಕಾರ ಇಪ್ಪತ್ತು ನಿಮಿಷ ಮನಸ್ಸು ತೃಪ್ತಿಯಾಗುವಷ್ಟು ಓಡಿಸಬಹುದು. ಪಂದ್ಯವಲ್ಲ, ಬಹುಮಾನವಿಲ್ಲ. ಅಲ್ಲಿಗೆ ಹೋಗುತ್ತೇನೆ ಎಂದು ಅವಳು ಹೇಳಿದ ದಿನ ಕನ್ನಡಕದ ಗಾಜು ಒರೆಸುತ್ತಿದ್ದ ಭಾವನ ಕೈ ಬಟ್ಟೆಯೊಳಗೇ ನಿಂತಿತು.

"ಯಾಕೆ ಅಂತ ಒಂದು ಮಾತು ಕೇಳ್ಬಹುದಾ?"

"ನೋಡಿ, ಮೂವತ್ತು ವರ್ಷದಿಂದ ಬ್ರೇಕ್ ಮಾಡ್ತಿದ್ದೀನಿ. ಎಲ್ಲಾನೂ ಹಿಂದಿನ ಗಲ್ಲೀಲಿ, ಬೆಕ್ಕು ಅಡ್ಡ ಬಂದ್ರೆ ಹೇಗೆ ನಿಲ್ಸ್ತೀವೋ ಹಾಗೆ ನಿಲ್ಸಿ ನೋಡಿ ಕಳ್ಸಿದ್ದೀನಿ. ನನ್ನ ಕೆಲಸ ಎಲ್ಲೀವರೆಗೆ ತಡೆಯುತ್ತೆ ಅಂತ ನನಗೇ ಗೊತ್ತಿಲ್ಲ ರೀ."

"ಗೊತ್ತಿಲ್ಲದೆ ಮೂವತ್ತು ವರ್ಷ ಚೆನ್ನಾಗೇ ನಡೀತಲ್ಲ ಮಾರಾಯ್ತಿ."

ಅವಳು ಕಾರಿನ ಕೀಲಿ ತೆಗೆದುಕೊಂಡು ಎದ್ದಳು. ಅವಳು ಎದ್ದರೆ ವಿಷಯ ಮುಗಿಯಿತು ಎಂದು ಭಾವನಿಗೆ ಗೊತ್ತು.

ಮೊದಲ ಸಲ ಹೋದಾಗ ಆದದ್ದನ್ನು ಊರೇ ಕಂಡಿತು. ಗಾಲಿಯ ಜೊತೆ ತಿರುಗುವ ಹೊಸ ಡಿಸ್ಕು, ಅದನ್ನು ಅದುಮಿ ಹಿಡಿಯುವ ಹೊಸ ಪ್ಯಾಡು, ಎಲ್ಲ ಅವಳೇ ಕೂರಿಸಿದ್ದಳು. ಐದನೆಯ ಸುತ್ತಿನಲ್ಲಿ, ಉದ್ದ ದಾರಿ ಮುಗಿದು ತಿರುವು ಬರುವಲ್ಲಿ ಪೆಡಲ್ ಒತ್ತಿದಳು. ಅದು ಕೊಳೆತ ಹಲಗೆಯ ಹಾಗೆ ತಳದವರೆಗೂ ಹೋಯಿತು. ಕಪ್ಪೆ ನೇರವಾಗಿ ತಿರುವಿನಾಚೆ ಹರಡಿದ್ದ ಮರಳಿಗೆ ಹಾರಿ, ಹೊಟ್ಟೆಯವರೆಗೆ ಹುಗಿದು ಕೂತಿತು. ಅವಳಿಗೆ ಗೀರೂ ಆಗಲಿಲ್ಲ. ಆದರೆ ಬೇಲಿಯ ಆಚೆ ನಿಂತವರಲ್ಲಿ ಅರ್ಧ ಜನ ಅವಳ ಗಿರಾಕಿಗಳೇ. ಕಾರನ್ನು ಹಗ್ಗ ಕಟ್ಟಿ ಎಳೆದು ತರುವಷ್ಟರಲ್ಲಿ 'ಬ್ರೇಕಕ್ಕನ ಕಾರಿಗೇ ಬ್ರೇಕಿಲ್ಲ' ಎಂಬ ಮಾತು ಅವಳಿಗಿಂತ ಮೊದಲು ಊರು ಸೇರಿತ್ತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು.

ನಗುವವರು ನಕ್ಕರೆ ಅವಳಿಗೆ ಚಿಂತೆಯಿರಲಿಲ್ಲ, ತಾನೇ ಸೇರಿಕೊಂಡು ನಗುವವಳು. ಆದರೆ ಆ ವಾರ ಹಾಲಿನ ವ್ಯಾನಿನವನು ಬರಲಿಲ್ಲ. ಇಪ್ಪತ್ತು ವರ್ಷದಿಂದ ಅವನ ವ್ಯಾನಿನ ಗಾಲಿ ಬಿಚ್ಚಿದವರು ಬೇರೆ ಯಾರೂ ಇಲ್ಲ. ದಾರಿಯಲ್ಲಿ ಸಿಕ್ಕಾಗ, "ನೋಡ್ಕೊಂಡು ಬರ್ತೀನಕ್ಕ, ಸ್ವಲ್ಪ ದಿನ ಹೋಗ್ಲಿ" ಎಂದು ಚಪ್ಪಲಿಯನ್ನು ನೋಡುತ್ತಾ ಹೇಳಿದ. ಅವಳು ತಲೆಯಾಡಿಸಿ ಬಂದು ಗುಂಡಿಗಿಳಿದಳು. ಬಹಳ ಹೊತ್ತು ಮೇಲೆ ಬರಲಿಲ್ಲ. ಗುಂಡಿಯ ಮೇಲೆ ಯಾವ ಗಾಡಿಯೂ ಇರಲಿಲ್ಲ.

ಟ್ರ್ಯಾಕಿನಲ್ಲಿ ಎಲ್ಲ ನೋಡಿಕೊಳ್ಳುವವರು ಒಬ್ಬ ಕುಂಟು ಮುದುಕರು. ಕೈಯಲ್ಲಿ ಸದಾ ಬಾವುಟ ಇರುವುದರಿಂದ ಬಾವುಟದ ಮಾಮ ಎಂದೇ ಹೆಸರು. ಇನ್ನೊಂದು ಸಲ ಬರುತ್ತೇನೆ ಎಂದು ಅವಳು ಹೇಳಿಕಳಿಸಿದ್ದಕ್ಕೆ ಅವರ ಉತ್ತರ ಹೀಗಿತ್ತು: "ಬಾರಮ್ಮ. ಆದರೆ ಎರಡನೇ ಸಲಾನೂ ಬ್ರೇಕ್ ಕೆಡ್ತು ಅಂತ ನಾನು ಹೊರಗೆ ಹಾಕೋ ಹಾಗಾದ್ರೆ, ಈ ವರ್ಷ ಆ ಕಾರು ಗೇಟು ದಾಟಲ್ಲ." ಅಂದರೆ ಒಂದೇ ದಿನ. ಆ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಕಪ್ಪೆ ನಿಲ್ಲಬೇಕಾದಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ನಾಲ್ಕು ತಲೆಮಾರಿನ ಹೆಸರು ಒಂದು ಮರಳುಗುಂಡಿಯಲ್ಲಿ ಹೂತಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ತಪ್ಪು ಎಲ್ಲಾಯಿತೆಂದು ಅವಳು ಪುಸ್ತಕ ನೋಡಿ ತಿಳಿಯಲಿಲ್ಲ. ಹಿತ್ತಲಿನಲ್ಲಿ ಕರೆಂಟಿನ ಒಲೆಯ ಮೇಲೆ ಎರಡು ತಗಡಿನ ಡಬ್ಬಿ ಇಟ್ಟಳು. ಒಂದರಲ್ಲಿ ಕಪ್ಪೆಯಿಂದ ಇಳಿಸಿದ ಬ್ರೇಕ್ ಆಯಿಲ್, ಇನ್ನೊಂದರಲ್ಲಿ ಟ್ರ್ಯಾಕಿನ ಕಾರುಗಳಿಗೆಂದೇ ಬರುವ ಆಯಿಲ್. ಮೂಗಿಗೆ ಬಟ್ಟೆ ಕಟ್ಟಿಕೊಂಡು, ದೂರ ನಿಂತು ನೋಡಿದಳು. ಮೊದಲನೆಯದು ಗುಳುಗುಳು ಎನ್ನತೊಡಗಿದಾಗ ಎರಡನೆಯದು ಧ್ಯಾನಕ್ಕೆ ಕೂತ ಹಾಗೆ ಕೂತಿತ್ತು. ಅಲ್ಲಿಗೆ ಅರ್ಥವಾಯಿತು. ರಸ್ತೆಯಲ್ಲಿ ಒಮ್ಮೆ ಬ್ರೇಕ್ ಒತ್ತಿದರೆ ಮುಂದಿನ ಸಲ ಒತ್ತುವಷ್ಟರಲ್ಲಿ ಆರಿರುತ್ತದೆ. ಟ್ರ್ಯಾಕಿನಲ್ಲಿ ಆರಲು ಪುರುಸೊತ್ತಿಲ್ಲ. ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಕಾಲು ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಪ್ಯಾಡಿನವರೆಗೆ ಬಲ ಹೋಗುವುದೇ ಇಲ್ಲ.

"ಏನಡುಗೆ ಇವತ್ತು?" ಎಂದರು ಭಾವ ಹಿತ್ತಲ ಬಾಗಿಲಿನಿಂದ.

"ನನ್ನ ಅಹಂಕಾರ. ಚೆನ್ನಾಗಿ ಬೇಯ್ತಾ ಇದೆ, ಬನ್ನಿ ನೋಡಿ."

ಆಮೇಲಿನ ಮೂರು ವಾರ ಅವಳು ಆ ಕಾರಿನ ಮೈಮೇಲೆಲ್ಲ ಕೈಯಾಡಿಸಿದಳು. ಹಳೆಯ ಆಯಿಲ್ ಹನಿಯೂ ಉಳಿಯದಂತೆ ತೆಗೆದು ಹೊಸದು ತುಂಬಿದಳು. ಶಾಖ ತಡೆಯುವ ಪ್ಯಾಡು ಹಾಕಿದಳು. ಅವು ತಣ್ಣಗಿದ್ದಾಗ ಹಿಡಿದ ಹಂದಿಯ ಹಾಗೆ ಅರಚುತ್ತಿದ್ದವು. ಕುರ್ಚಿಯಲ್ಲಿದ್ದ ಮುದುಕಿ ಪ್ರತಿ ಸಲವೂ, "ಅದರ ಕತ್ತು ಒಂದೇ ಸಲ ಕುಯ್ದು ಬಿಡೇ" ಎನ್ನುವಳು. ಮುಂದಿನ ಬಂಪರಿನಿಂದ ಡಿಸ್ಕಿನ ಮೇಲೆ ಗಾಳಿ ಬೀಳಲು ಕೊಳವೆ ಬೇಕಿತ್ತು. ಅಳತೆಗೆಂದು ಮನೆಯ ಧೂಳು ಎಳೆಯುವ ಮಷೀನಿನ ಕೊಳವೆ ತಂದು, ಅಳತೆಯ ಉತ್ಸಾಹದಲ್ಲಿ ಎರಡು ತುಂಡು ಮಾಡಿಬಿಟ್ಟಳು. ಆಮೇಲೆ ಬೆಂಕಿ ತಾಳುವ ಕೊಳವೆಯನ್ನೇ ತರಿಸಿ ಕೂರಿಸಿದಳು ಎನ್ನಿ. ಮನೆಯ ಧೂಳನ್ನು ಭಾವ ಇವತ್ತಿಗೂ ಪೊರಕೆಯಲ್ಲೇ ಗುಡಿಸುತ್ತಾರೆ.

ಇನ್ನು ಭಾರ ಇಳಿಸುವ ಕೆಲಸ. ಸ್ಟೆಪ್ನಿ, ಜಾಕಿ, ಕಾಲ ಕೆಳಗಿನ ಹಾಸು, ಡಾಕ್ಟರು ಮರೆತು ಹೋದ ಛತ್ರಿ, ಸೀಟಿನ ಕೆಳಗೆ ಸಿಕ್ಕ ಯಾರದೋ ಹಲ್ಲಿನ ಅಚ್ಚು, ಎಲ್ಲ ಹೊರಗೆ ಬಂದವು. ಒಂದೊಂದನ್ನೂ ತಕ್ಕಡಿಗೆ ಹಾಕಿ ಗೋಡೆಯ ಮೇಲೆ ಬರೆದಳು.

"ಮೂವತ್ತೆಂಟು ಕಿಲೋ ಕಮ್ಮಿ ಆಯ್ತಮ್ಮ" ಎಂದು ತಾಯಿಯ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ನೀನು ಇಳಿದ್ರೆ ಇನ್ನೂ ಎಂಬತ್ತು ಕಮ್ಮಿ ಆಗುತ್ತೆ."

"ಎಪ್ಪತ್ತೆರಡು."

"ತಕ್ಕಡಿ ನಿನ್ನದೇ ತಾನೆ, ಹೇಳು ಹೇಳು."

ಗಾಲಿಯ ನಟ್ಟುಗಳನ್ನು ಬಿಗಿ ಅಳೆಯುವ ಪಾನಾದಲ್ಲಿ ಟಕ್ ಎನ್ನುವವರೆಗೆ ತಿರುಗಿಸಿ, ಒಂದೊಂದಕ್ಕೂ ಬಿಳಿ ಗೆರೆ ಎಳೆದಳು. ಗೆರೆ ಜರುಗಿದರೆ ನಟ್ಟು ಸಡಿಲಾಯಿತೆಂದು ಲೆಕ್ಕ. ಟ್ರ್ಯಾಕಿಗೆ ಹೋಗುವ ಹಿಂದಿನ ಸಂಜೆ ಎಲ್ಲ ಮುಗಿಸಿ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತವಳನ್ನು ನೋಡಿದರೆ, ಪರೀಕ್ಷೆಗೆ ಹೋಗುವ ಮಗುವಿನ ನೆತ್ತಿ ಸವರುವ ತಾಯಿಯ ಹಾಗೆ ಕಾಣುತ್ತಿದ್ದಳು.

ಆ ದಿನ ಬೆಳಿಗ್ಗೆ ಬಾವುಟದ ಮಾಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಿಯಮ ಹೇಳಿದರು. "ಸರದಿ ಮುಗಿಸಿ ಕಾರು ನಿಲ್ಸೋ ಜಾಗಕ್ಕೆ ಒಳಗೆ ಬಂದ ಮೇಲೆ ಯಾರೂ ಹ್ಯಾಂಡ್ ಬ್ರೇಕ್ ಎಳೀಬಾರದು. ಡಿಸ್ಕು ಕೆಂಡ ಆಗಿರುತ್ತೆ. ಪ್ಯಾಡು ಅದಕ್ಕೆ ಕಚ್ಕೊಂಡ್ರೆ ಕಥೆ ಮುಗೀತು. ಗೇರಲ್ಲಿ ಬಿಡಿ, ಗಾಲಿಗೆ ಮರದ ತುಂಡು ಕೊಡಿ." ಹೋದ ಸಲವೂ ಹೇಳಿದ್ದರು, ಆದರೆ ಹೋದ ಸಲ ಅವಳು ತಾನಾಗಿ ಒಳಗೆ ಬಂದಿರಲೇ ಇಲ್ಲವಲ್ಲ. ಈ ಸಲ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ಅವಳೇ. ಕಪ್ಪೆಯ ಹ್ಯಾಂಡ್ ಬ್ರೇಕು ಹಿಂದಿನ ಗಾಲಿಗಳ ಅದೇ ಪ್ಯಾಡನ್ನೇ ಅದುಮುವ ಜಾತಿಯದೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಅಲ್ಲಿ ಇರಲಿಲ್ಲ.

ಮೊದಲ ಸರದಿಗೆ ಹೋದಳು. ಐದನೆಯ ಸುತ್ತು ಬಂತು, ಅದೇ ತಿರುವು ಬಂತು. ಭಾವ ಬೇಲಿಯ ಹತ್ತಿರ ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು. ಕಪ್ಪೆ ಮೂಗು ತಗ್ಗಿಸಿ, ಹಗ್ಗ ಹಿಡಿದೆಳೆದ ಹಾಗೆ ನಿಧಾನವಾಗಿ, ತಿರುವನ್ನು ಸವರಿಕೊಂಡು ಹೋಯಿತು. ಆರು, ಏಳು, ಹತ್ತು. ಪೆಡಲ್ ಕಲ್ಲಿನ ಹಾಗೆ ಗಟ್ಟಿ. ನಿಧಾನದ ಕೊನೆಯ ಸುತ್ತು ಮುಗಿಸಿ ಒಳಗೆ ಬಂದಾಗ ಅವಳ ಮುಖ ಹೆಲ್ಮೆಟ್ಟಿನೊಳಗೇ ಅರಳಿತ್ತು. ಕಾರು ನಿಂತಿತು. ಕೈ ಹ್ಯಾಂಡ್ ಬ್ರೇಕ್ ಎಳೆಯಿತು. ಆಮೇಲೆ ಕೀಲಿ ತಿರುಗಿಸಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಅವಳು ಇಳಿದು, ನೀರು ಕುಡಿದು, ಭಾವನ ಬೆನ್ನು ತಟ್ಟಿ ನಕ್ಕಳು. ಅವಳ ಕೈ ಏನು ಮಾಡಿದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಸರದಿಗೆ ಕರೆ ಬಂದಾಗ ಹ್ಯಾಂಡ್ ಬ್ರೇಕ್ ಇಳಿಸಿ ಗೇರು ಹಾಕಿದಳು. ಕಾರು ಕದಲಲಿಲ್ಲ. ಆಕ್ಸಿಲರೇಟರ್ ಇನ್ನಷ್ಟು ಒತ್ತಿದಳು. ಹಿಂದಿನಿಂದ ಗುಂಡು ಹಾರಿದ ಹಾಗೆ ಸದ್ದಾಗಿ, ಕಪ್ಪೆ ಕುಪ್ಪಳಿಸಿ ಮುಂದೆ ಬಂತು. ನಾಲ್ಕು ಮಾರು ಹೋಗುವಷ್ಟರಲ್ಲಿ ಹಿಂದಿನ ಗಾಲಿ ಸುತ್ತಿಗೊಮ್ಮೆ ಟಕ್ಕೆಂದು ಎಡವತೊಡಗಿತು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು, ಕೆಲವರು ಫೋನು ಎತ್ತಿದರು. ಅವಳು ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ತನ್ನ ಎಡಗೈಯನ್ನು ನೋಡುತ್ತಾ ಕೂತಳು.

ಬಾವುಟದ ಮಾಮ ಕುಂಟುತ್ತಾ ಬಂದರು. "ಬ್ರೇಕಾ?"

ಎಂಜಿನ್ ಕಾದಿದೆ ಎಂದಿದ್ದರೆ ಆ ಹೊತ್ತಿಗೆ ನಡೆದುಹೋಗುತ್ತಿತ್ತು. ಅವಳು ಹಾಗೆನ್ನಲಿಲ್ಲ.

"ಹೌದು ಮಾಮ. ಬ್ರೇಕ್ ಚೆನ್ನಾಗಿತ್ತು, ನಾನೇ ಹ್ಯಾಂಡ್ ಬ್ರೇಕ್ ಎಳೆದು ಕೆಡಿಸ್ದೆ. ಡಿಸ್ಕಿಗೆ ಪ್ಯಾಡು ಅಂಟಿ ಕಿತ್ತು ಬಂದಿದೆ."

"ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ತಲೆ ಆಡ್ಸಿದ್ದು ನೀನೇ ಅಲ್ವಾ?"

"ತಲೆ ಆಡ್ಸಿದ್ದು ತಲೆ. ಎಳೆದಿದ್ದು ಕೈ."

ಮಾಮ ಬಾವುಟದ ಕೋಲಿನಿಂದ ಗಾಲಿಯನ್ನು ಕುಟ್ಟಿದರು. "ನಾನು ನಿನ್ನ ಹೊರಗೆ ಹಾಕಿಲ್ಲ, ನೀನಾಗೇ ನಿಂತಿದ್ದೀಯ. ಕೊನೇ ಸರದಿಗೆ ಇನ್ನೂ ಎರಡೂವರೆ ಗಂಟೆ ಇದೆ. ಅಷ್ಟರಲ್ಲಿ ಸರಿಮಾಡಿ ತೋರಿಸು. ಆಗ್ಲಿಲ್ಲ ಅಂದ್ರೆ ಗೇಟು ಅಲ್ಲಿದೆ."

ಅವಳು ಕೆಲಸಕ್ಕೆ ಕೂತಳು. ಯಾರೋ ಬಕೆಟ್ಟಿನಲ್ಲಿ ನೀರು ತಂದರು. "ಕಾದ ಡಿಸ್ಕಿಗೆ ನೀರು ಹೊಯ್ದರೆ ಬಿರುಕು ಬಿಡುತ್ತೆ, ಅದನ್ನ ನಮ್ಮೆಜಮಾನ್ರ ತಲೆ ಮೇಲೆ ಹೊಯ್ಯಿ, ಅವರೇ ಜಾಸ್ತಿ ಕಾದಿದ್ದಾರೆ" ಎಂದು ಕಳಿಸಿದಳು. ತಾನಾಗಿ ಆರುವವರೆಗೆ ಕಾದು, ಹಿಂದಿನ ಎರಡೂ ಗಾಲಿ ಬಿಚ್ಚಿದಳು. ಎರಡೂ ಡಿಸ್ಕಿನ ಮೇಲೆ ಪ್ಯಾಡಿನ ಆಕಾರದ ಕಪ್ಪು ಮಚ್ಚೆ, ಹಾಲು ಸೀದ ಪಾತ್ರೆಯ ತಳದ ಹಾಗೆ. ಎಮರಿ ಪೇಪರ್ ಹಿಡಿದು ಉಜ್ಜಿದಳು. ಉಜ್ಜಿ, ಒರೆಸಿ, ಉಗುರಿನಲ್ಲಿ ತಡವಿ, ಮತ್ತೆ ಉಜ್ಜಿದಳು. ಭಾವ ನೆಲದ ಮೇಲೆ ಕೂತು, ಬಿಚ್ಚಿದ ನಟ್ಟುಗಳನ್ನು ಕರವಸ್ತ್ರದಲ್ಲಿ ಇಟ್ಟುಕೊಂಡು, ಒಂದೊಂದಕ್ಕೂ ಉಸಿರು ಊದಿ ಗಾಜು ಒರೆಸಿದ ಹಾಗೆ ಒರೆಸುತ್ತಿದ್ದರು.

"ಅದು ಕನ್ನಡಕ ಅಲ್ಲ ರೀ."

"ನನಗೆ ಬರೋದು ಇದೊಂದೇ. ಬೈಬೇಡ."

ಅವಳು ಬೈಯಲಿಲ್ಲ. ಆ ನಟ್ಟುಗಳು ಆ ದಿನ ಹೊಳೆದ ಹಾಗೆ ಮತ್ತೆಂದೂ ಹೊಳೆದಿಲ್ಲ.

ಕೊನೆಯ ಸರದಿಗೆ ಕಾಲು ಗಂಟೆ ಇರುವಾಗ ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ಖಾಲಿ ದಾರಿಯಲ್ಲಿ ಹತ್ತಾರು ಸಲ ಮೆಲ್ಲಗೆ ಬ್ರೇಕ್ ಹಿಡಿದು ಬಿಟ್ಟು ಪ್ಯಾಡನ್ನು ಪಳಗಿಸಿದಳು. ಮೊದಲ ಕೆಲವು ಸಲ ಸಣ್ಣ ನಡುಕವಿತ್ತು, ಆಮೇಲೆ ಇಲ್ಲವಾಯಿತು. ಮಾಮ ಇಳಿಯುವಾಗ ಒಂದೇ ಮಾತು ಹೇಳಿದರು: "ಹೋಗು."

ಹನ್ನೆರಡು ಸುತ್ತು. ಹನ್ನೆರಡು ಸಲವೂ ಆ ತಿರುವಿನಲ್ಲಿ ಕಪ್ಪೆ ಹೇಳಿದ ಮಾತು ಕೇಳಿತು. ಭಾವ ಕಣ್ಣು ಮುಚ್ಚಿದ್ದು ಮೊದಲ ಆರಕ್ಕೆ ಮಾತ್ರ. ಒಳಗೆ ಬಂದು ನಿಲ್ಲಿಸಿದ ಮೇಲೆ ಅವಳು ಎಡಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಭಾವ ಓಡಿ ಬಂದು ಗಾಲಿಗೆ ಮರದ ತುಂಡು ಕೊಟ್ಟರು. ಆಮೇಲೆ ಅವಳು ಕೈ ಬಿಡಿಸಿಕೊಂಡು ಇಳಿದಳು. ಮೂವತ್ತು ವರ್ಷ ತಿಳಿಯದೆ ಇದ್ದದ್ದು ಆ ದಿನ ತಿಳಿದಿತ್ತು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಗ ತನ್ನ ಗಾಡಿಯನ್ನು ಕಪ್ಪೆಯ ಮುಂದೆ ನಿಲ್ಲಿಸಿ ಅವಳ ಹತ್ತಿರ ಬಂದವನು ಪೇಟೆಯ ಗಾಜಿನ ಗೋಡೆಯ ಗ್ಯಾರೇಜಿನ ಯಜಮಾನ. ಈಗ ಅವನ ಕೈಕೆಳಗೆ ಒಂದೇ ಬಣ್ಣದ ಅಂಗಿ ತೊಟ್ಟ ಹನ್ನೆರಡು ಜನ ಇದ್ದರೂ, ಕೆಲಸ ಕಲಿತದ್ದು ಇವಳ ಅಪ್ಪನ ಅಂಗಳದಲ್ಲೇ. ಅವನ ಮುಖದಲ್ಲಿ ನಿಜವಾದ ಕಳವಳವಿತ್ತು.

"ಅಕ್ಕ, ಮಧ್ಯಾಹ್ನ ಕಾರು ಕಚ್ಕೊಂಡಿದ್ದನ್ನ ನಾಲ್ಕೈದು ಜನ ಫೋನಲ್ಲಿ ಹಿಡಿದಿದ್ದಾರೆ. ಸಂಜೆಯೊಳಗೆ ಊರೆಲ್ಲ ಸುತ್ತುತ್ತೆ. ಈಗ ಓಡಿದ ಹನ್ನೆರಡು ಸುತ್ತು ಯಾರೂ ಹಿಡಿದಿಲ್ಲ."

"ಒಳ್ಳೇದು ಯಾರು ಹಿಡೀತಾರೆ ಬಿಡು."

"ಅದಕ್ಕೇ, ನಾನೊಂದು ಮಾತು ಹಾಕ್ತೀನಿ. ಡಿಸ್ಕೇ ಖೋಟಾ ಮಾಲು ಬಂದಿತ್ತು, ಮಾರಿದವರ ತಪ್ಪು ಅಂತ. ನಾನು ಹೇಳಿದ್ರೆ ನಂಬ್ತಾರೆ. ನಿನ್ನ ಗಿರಾಕಿಗಳು ವಾಪಸ್ ಬರ್ತಾರೆ. ನೀನು ಏನೂ ಹೇಳ್ಬೇಡ, ಸುಮ್ನಿರು ಸಾಕು."

ಅವಳು ಹೆಲ್ಮೆಟ್ಟನ್ನು ಸೀಟಿನ ಮೇಲೆ ಇಟ್ಟಳು. ಒದ್ದೆಯಾದ ಕೂದಲನ್ನು ಹಿಂದೆ ತಳ್ಳಿಕೊಂಡಳು.

"ಬೇಡಪ್ಪ. ನೀನು ಒಳ್ಳೆ ಮನಸ್ಸಿಂದ ಹೇಳ್ತಿದ್ದೀಯ, ಗೊತ್ತು. ಆದ್ರೆ ಡಿಸ್ಕು ಚೊಕ್ಕವಾಗೇ ಇತ್ತು, ಅದರ ಮೇಲೆ ಯಾಕೆ ಹೊರೆ ಹಾಕೋದು. ಕೇಳಿದವರಿಗೆ ನಾನೇ ಹೇಳ್ತೀನಿ, ಬ್ರೇಕಲ್ಲಿ ಏನೂ ತಪ್ಪಿರಲಿಲ್ಲ, ಬ್ರೇಕಕ್ಕ ತಪ್ಪು ಮಾಡಿದ್ಲು ಅಂತ. ಬರೋರು ಬರ್ಲಿ, ಬಿಡೋರು ಬಿಡ್ಲಿ. ಸುಳ್ಳು ಹೇಳಿ ಉಳಿಸ್ಕೊಂಡ ಹೆಸರನ್ನ ದಿನಾ ಬೆಳಗೆದ್ದು ಕಾಯ್ತಾ ಕೂರ್ಬೇಕಾಗುತ್ತೆ, ನನಗೆ ಅಷ್ಟು ಪುರುಸೊತ್ತಿಲ್ಲ. ನಿನ್ನ ಗಾಡಿ ಸ್ವಲ್ಪ ಆ ಕಡೆ ತಗೋ, ನಾವು ಹೊರಡ್ಬೇಕು."